ದಲ್ಲಾಳಿ ಕಾಣಿಸದ ಜಾತ್ರೆ

ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರುವ ಬಗೆಯನ್ನು ಹಳ್ಳಿಯ ನಂಟುಳ್ಳ ವಾಚಕರು ಕಂಡೇ ಇರುತ್ತಾರೆ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಬಿಡದೆ ಬೆಲೆಯನ್ನು ಗೊತ್ತುಮಾಡುವ ವಾಡಿಕೆ ಅಲ್ಲುಂಟು. ಬೆಲೆ ಗುಟ್ಟಾಗಿರಬಹುದು, ಆದರೆ ನಡುವೆ ನಿಂತಾತ ದಲ್ಲಾಳಿ ಎಂಬುದು ಗುಟ್ಟಲ್ಲ. ಅದು ಜಾತ್ರೆಗೆ ಬಂದ ಮಗುವಿಗೂ ಗೊತ್ತು. ಆದುದರಿಂದಲೇ ರೈತನು ದಲ್ಲಾಳಿಯ ಹೊಗಳಿಕೆಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ, ಎತ್ತಿನ ಹಲ್ಲನ್ನು ತಾನೇ ನೋಡಿಕೊಳ್ಳುತ್ತಾನೆ.

ಇಂದು ಜಾತ್ರೆ ಅಂಗೈಯ ಮೊಬೈಲಿನೊಳಗೆ ಬಂದು ಸೇರಿದೆ. ದಲ್ಲಾಳಿಯೂ ಜೊತೆಗೆ ಬಂದಿದ್ದಾನೆ, ಕಾಣಿಸುವುದಿಲ್ಲ, ಅಷ್ಟೆ. 'ಅಫಿಲಿಯೇಟ್ ಲಿಂಕ್' ಎಂಬ ಕೊಂಡಿಯೊಳಗೆ ಆತ ಅಡಗಿರುತ್ತಾನೆ. ಈ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿದ್ದು 1996ರಲ್ಲಿ ಅಮೆಜಾನ್ ಅಂಗಡಿ ಆರಂಭಿಸಿದ 'ಅಸೋಸಿಯೇಟ್ಸ್' ಯೋಜನೆ. ಸೇರಿದ ಪ್ರತಿಯೊಬ್ಬರಿಗೂ ಒಂದು ಗುರುತಿನ ಹೆಸರು ದೊರೆಯುತ್ತದೆ. ಭಾರತದವರದು 21 ಎಂಬ ಅಂಕೆಯಲ್ಲಿ ಮುಗಿಯುತ್ತದೆ. ಆ ಗುರುತಿರುವ ಕೊಂಡಿಯನ್ನು ಒತ್ತಿ ಒಳಹೊಕ್ಕವರು ಸಾಮಾನ್ಯವಾಗಿ 24 ಗಂಟೆಗಳೊಳಗೆ ಏನನ್ನಾದರೂ ಕೊಂಡರೆ, ಕೊಂಡಿ ಹಂಚಿದವರಿಗೆ ಕಮಿಷನ್ ಸಲ್ಲುತ್ತದೆ. ಕೊಳ್ಳುವವರಿಗೆ ಇದರಿಂದ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ಅಂಗಡಿ ತನ್ನ ಪಾಲಿನಿಂದಲೇ ಅದನ್ನು ಕೊಡುತ್ತದೆ.

ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಯಾವ ಮಿಕ್ಸಿ ಬಾಳಿಕೆ ಬರುತ್ತದೆ, ಯಾವ ಕುಕ್ಕರು ವಾಸಿ ಎಂಬುದನ್ನು ಬಂಧುಬಳಗವೆಲ್ಲ ಕೇಳುವುದು ಆಕೆಯನ್ನೇ. ಹೇಗೂ ಹೇಳುವ ಮಾತು. ಅದರಿಂದ ನಾಲ್ಕು ಕಾಸು ಬಂದರೆ ತಪ್ಪೇನು ಎಂದು ಮಗಳು ಹುರಿದುಂಬಿಸುತ್ತಾಳೆ. ತಾಯಿ ಯೋಜನೆಗೆ ಸೇರುತ್ತಾಳೆ. ಅಂದಿನಿಂದ ಒಂದೊಂದೇ ತೊಡಕು ಎದುರಾಗತೊಡಗುತ್ತದೆ.

ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಬರೆದ ವಿಳಾಸ ಸಾಮಾನ್ಯವಾಗಿ ಬರಿಯ ಅಕ್ಷರವಾಗಿಯೇ ಉಳಿಯುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಒಂದು ದಿನ ಮಾತ್ರ ನಿಲ್ಲುವ 'ಸ್ಟೋರಿ'ಗಳಲ್ಲಿ ಕೊಂಡಿ ಇಡುವ ಸೌಕರ್ಯವೂ ಎಲ್ಲರಿಗೆ ದೊರೆತದ್ದು 2021ರ ಅಕ್ಟೋಬರಿನಲ್ಲಿ. ಪಿಂಟರೆಸ್ಟ್ ಎಂಬ ಚಿತ್ರತಾಣವಂತೂ 2015ರಲ್ಲಿ ಇಂಥ ಕೊಂಡಿಗಳನ್ನೆಲ್ಲ ಕಿತ್ತುಹಾಕಿ, ಮರುವರ್ಷ ಮತ್ತೆ ಬರಮಾಡಿಕೊಂಡಿತು. ಒಂದೇ ಕೊಂಡಿಯನ್ನು ಹತ್ತು ಗುಂಪುಗಳಿಗೆ ಹಾಕಿದರೆ ತಾಣದ ಯಂತ್ರ ಅದನ್ನು ಕಸವೆಂದು ಬಗೆದು ಮರೆಮಾಡಿಬಿಡಬಹುದು. ಮೋಸಗಾರರು ಇದೇ ದಾರಿಯಲ್ಲಿ ಹಿಂಡುಹಿಂಡಾಗಿ ಬಂದುದರಿಂದ ಈ ಕಟ್ಟುನಿಟ್ಟು. ಕಳ್ಳನಿಗೆ ಹಾಕಿದ ಬೇಲಿ ಸಾಧುವಿನ ಸೆರಗನ್ನೂ ಹಿಡಿಯುತ್ತದೆ.

ಅಂಗಡಿಯ ನಿಯಮಗಳೂ ಸಡಿಲವಲ್ಲ. ಯಾವ ಪುಟಗಳಲ್ಲಿ ಹಂಚುವುದೆಂಬುದನ್ನು ಮೊದಲೇ ತಿಳಿಸಿರಬೇಕು. ತನ್ನ ಕೊಂಡಿಯಿಂದ ತಾನೇ ಕೊಂಡರೆ ಕಮಿಷನ್ ಇಲ್ಲ. ಎಲ್ಲಿಗೆ ಹೋಗುತ್ತಿದ್ದೇವೆಂಬುದು ತಿಳಿಯದಂತೆ ವಿಳಾಸವನ್ನು ಮೊಟಕುಮಾಡಿ ಮರೆಸುವುದು ನಿಷಿದ್ಧ.

ಆದರೆ ಇವೆಲ್ಲ ಯಂತ್ರದ ತೊಡಕುಗಳು. ಒಂದೆರಡು ವಾರದಲ್ಲಿ ಕಲಿತುಕೊಳ್ಳಬಹುದು. ನಿಜವಾದ ತೊಡಕು ಮನೆಯೊಳಗಿನದು.

ನಾದಿನಿ ಅತ್ತಿಗೆಯ ಮಾತು ಕೇಳಿ 3,000 ರೂಪಾಯಿಯ ಮಿಕ್ಸಿ ತರಿಸುತ್ತಾಳೆ. ನೂರಕ್ಕೆ ನಾಲ್ಕರ ಲೆಕ್ಕವೆಂದಿಟ್ಟುಕೊಂಡರೆ ಅತ್ತಿಗೆಗೆ ಸಿಕ್ಕುವುದು 120 ರೂಪಾಯಿ. ಮಿಕ್ಸಿ ಚೆನ್ನಾಗಿಯೇ ಇದೆ; ಬೆಲೆಯೂ ಎಲ್ಲರಿಗೆ ಇರುವುದೇ. ಆದರೂ ಕೊಂಡಿಯ ಬಾಲದಲ್ಲಿ ಅತ್ತಿಗೆಯ ಹೆಸರಿರುವುದನ್ನು ಕಾಲೇಜಿಗೆ ಹೋಗುವ ಮಗ ತೋರಿಸಿಕೊಟ್ಟ ದಿನ ನಾದಿನಿಯ ಮುಖ ಬಾಡುತ್ತದೆ.

"ಅತ್ತಿಗೆ, ಕೇಳಿದ್ದರೆ ಐನೂರು ರೂಪಾಯಿ ಕೈಯಲ್ಲೇ ಕೊಡುತ್ತಿದ್ದೆನಲ್ಲ! ಒಂದು ಮಾತು ಹೇಳಬಾರದಿತ್ತೆ?"

ಅತ್ತಿಗೆಯ ಬಳಿ ಉತ್ತರವಿಲ್ಲ. ಹಿಂದೆ ಹೊಗಳಿದ್ದ ಇಡ್ಲಿಪಾತ್ರೆ, ಇಸ್ತ್ರಿಪೆಟ್ಟಿಗೆಗಳೆಲ್ಲ ಈಗ ನಾದಿನಿಯ ಕಣ್ಣಿಗೆ ಬೇರೆಯಾಗಿ ಕಾಣತೊಡಗುತ್ತವೆ. ಅವುಗಳಲ್ಲಿ ಯಾವುದು ಅಕ್ಕರೆ, ಯಾವುದು ವ್ಯಾಪಾರ? ನಷ್ಟವಾದದ್ದು ಹಣವಲ್ಲ, ಹತ್ತು ವರ್ಷದಿಂದ ಕೂಡಿಟ್ಟ ನಂಬಿಕೆ. ಅಂಗಡಿ ಕಮಿಷನ್ ಕೊಟ್ಟು ಕೊಳ್ಳುವುದೂ ಆ ನಂಬಿಕೆಯನ್ನೇ ಅಲ್ಲವೆ? ತನ್ನ ಜಾಹೀರಾತನ್ನು ನಂಬದವರೂ ಅತ್ತಿಗೆಯ ಮಾತನ್ನು ನಂಬುತ್ತಾರೆಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ಸರ್ಕಾರವೂ ಈ ಸೂಕ್ಷ್ಮವನ್ನು ಗುರುತಿಸಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಆಶಯಕ್ಕನುಗುಣವಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಸಾಮಾಜಿಕ ಜಾಲತಾಣದಲ್ಲಿ ವಸ್ತುವನ್ನು ಶಿಫಾರಸು ಮಾಡುವವರಿಗೆ ಅದರಿಂದ ಲಾಭವೇನಾದರೂ ಇದ್ದರೆ ಅದನ್ನು ಸ್ಪಷ್ಟವಾಗಿ, ಕಣ್ಣಿಗೆ ಬೀಳುವಂತೆ ತಿಳಿಸಬೇಕು. ಇತರ ಗುರುತುಪದಗಳ ಗುಂಪಿನಲ್ಲಿ ಅಡಗಿಸಬಾರದು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಹೇಳಬೇಕು ಎಂಬುದು ಅದರ ಸಾರ. ದಾರಿ ತಪ್ಪಿಸುವ ಜಾಹೀರಾತಿಗೆ ಕಾಯಿದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವುಂಟು. ಮಿಕ್ಸಿಯನ್ನು ಕನ್ನಡದಲ್ಲಿ ಹೊಗಳಿ, ಕಮಿಷನ್ನಿನ ಮಾತನ್ನು ಮಾತ್ರ ಇಂಗ್ಲಿಷಿನ ಮೂಲೆಗೆ ತಳ್ಳುವಂತಿಲ್ಲ.

ದಂಡದ ಭಯಕ್ಕಿಂತ ನಾದಿನಿಯ ಬಾಡಿದ ಮುಖ ದೊಡ್ಡದು. ಅದಕ್ಕೆ ಔಷಧವೂ ಸುಲಭ: "ಈ ಕೊಂಡಿಯಿಂದ ನೀವು ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ, ಬೇಡವೆನಿಸಿದರೆ ಅಂಗಡಿಯಲ್ಲಿ ಹೆಸರು ಹುಡುಕಿ ನೇರವಾಗಿ ಕೊಳ್ಳಿ" ಎಂಬ ಒಂದೇ ವಾಕ್ಯ. ಇದನ್ನು ಬರೆದರೆ ಕೆಲವರು ಕೊಂಡಿಯನ್ನು ಒತ್ತದೆ ಹೋಗಬಹುದು, ನಿಜ. ಆದರೆ ಒತ್ತುವವರು ತಿಳಿದೇ ಒತ್ತುತ್ತಾರೆ. "ನಮ್ಮ ಅತ್ತಿಗೆಗೇ ಬರಲಿ" ಎಂದು ಹುಡುಕಿಕೊಂಡು ಬಂದು ಒತ್ತುವವರೂ ಇಲ್ಲದಿಲ್ಲ.

ದಲ್ಲಾಳಿಯಾಗುವುದು ಅವಮಾನವಲ್ಲ. ಜಾತ್ರೆಯ ದಲ್ಲಾಳಿ ವಸ್ತ್ರದ ಮರೆಯಲ್ಲಿ ಬೆರಳನ್ನಷ್ಟೇ ಮುಚ್ಚಿದ, ಮುಖವನ್ನಲ್ಲ.