ಖಾಲಿ ಕುರ್ಚಿಯ ಹೊಣೆ ಯಾರದು?

ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ ಹೋಬಳಿಯಲ್ಲಿ ಗ್ರಾಮ ಆಡಳಿತಾಧಿಕಾರಿಯೊಬ್ಬರು ಕಾಯಿಲೆ ಬಿದ್ದರೆ ಏನಾಗುತ್ತದೆ? ಅವರು ವೈದ್ಯರ ಪ್ರಮಾಣಪತ್ರ ಲಗತ್ತಿಸಿ ರಜೆಯ ಅರ್ಜಿ ಸಲ್ಲಿಸಬೇಕು. ಮೇಲಧಿಕಾರಿ ಅದನ್ನು ಮಂಜೂರು ಮಾಡಬೇಕು. ಪಕ್ಕದ ವೃತ್ತದವರಿಗೆ ಪ್ರಭಾರ ವಹಿಸಿ ಆದೇಶ ಹೊರಡಬೇಕು. ಪಹಣಿಯ ತಿದ್ದುಪಡಿಗೋ ಆದಾಯ ಪ್ರಮಾಣಪತ್ರಕ್ಕೋ ನಾಡಕಚೇರಿಗೆ ಬಂದ ರೈತನಿಗೆ, ಸಾಹೇಬರು ಇಲ್ಲದಿದ್ದರೂ ಯಾರನ್ನು ಕಾಣಬೇಕೆಂಬುದಾದರೂ ತಿಳಿಯುತ್ತದೆ. ಶಾಲಾ ಮುಖ್ಯೋಪಾಧ್ಯಾಯರಿಗೂ ಇದೇ ನಿಯಮ, ಪೊಲೀಸ್ ಪೇದೆಗೂ ಇದೇ ನಿಯಮ. ಆದರೆ ಅದೇ ಕಂದಾಯ ಇಲಾಖೆಯ ಸಚಿವರು ಆರು ತಿಂಗಳು ಹಾಸಿಗೆ ಹಿಡಿದರೆ? ಅರ್ಜಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಪ್ರಭಾರದ ಆದೇಶ ಹೊರಟರೆ ಅದು ಮುಖ್ಯಮಂತ್ರಿಯ ಮರ್ಜಿ. ಮುಖ್ಯಮಂತ್ರಿಯೇ ಹಾಸಿಗೆ ಹಿಡಿದರೆ ಆ ಮರ್ಜಿಯೂ ಇಲ್ಲ. ಅಧಿಕಾರದ ಏಣಿಯಲ್ಲಿ ಮೇಲೇರಿದಂತೆಲ್ಲಾ ಗೈರುಹಾಜರಿಗೆ ಲೆಕ್ಕ ಕೇಳುವವರೇ ಇಲ್ಲದಂತಾಗುತ್ತದೆ.

ರಾಜಕಾರಣಿಯ ಅನಾರೋಗ್ಯ ಮತ್ತು ಅನುಪಸ್ಥಿತಿ ಆತನನ್ನು ಅಧಿಕಾರಕ್ಕೆ ಅನರ್ಹಗೊಳಿಸುತ್ತದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಏಳುತ್ತದೆ, ಅಷ್ಟೇ ಬೇಗ ತಣ್ಣಗಾಗುತ್ತದೆ. ವಿರೋಧ ಪಕ್ಷದವರು ಕೇಳಿದರೆ ಅದು ಅಮಾನವೀಯ ಎನಿಸಿಕೊಳ್ಳುತ್ತದೆ. ಸ್ವಪಕ್ಷೀಯರು ಕೇಳಿದರೆ ಭಿನ್ನಮತ ಎನಿಸಿಕೊಳ್ಳುತ್ತದೆ. ಹೀಗಾಗಿ ಜನರ ಬದುಕಿಗೆ ನೇರವಾಗಿ ಸಂಬಂಧಪಟ್ಟ ಒಂದು ಪ್ರಶ್ನೆ, ಆಸ್ಪತ್ರೆಯ ಹೊರಗಿನ ಪಿಸುಮಾತಾಗಿಯಷ್ಟೇ ಉಳಿದುಕೊಂಡಿದೆ.

ಈ ಪ್ರಶ್ನೆಗೆ ಕರ್ನಾಟಕ ತೆತ್ತಷ್ಟು ಬೆಲೆಯನ್ನು ಬೇರೆ ರಾಜ್ಯಗಳು ತೆತ್ತಿದ್ದು ಕಡಿಮೆ. 1989ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ 178 ಸ್ಥಾನಗಳನ್ನು ಗೆದ್ದು ಕಾಂಗ್ರೆಸ್ ಅಧಿಕಾರಕ್ಕೆ ಬಂತು. ವೀರೇಂದ್ರ ಪಾಟೀಲರು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ವರ್ಷ ತುಂಬುವ ಮೊದಲೇ ಅವರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದರು. ಅದೇ ಹೊತ್ತಿಗೆ, ಅಂದರೆ 1990ರ ಅಕ್ಟೋಬರ್ ಆರಂಭದಲ್ಲಿ, ರಥಯಾತ್ರೆಯ ಕಾವು ದೇಶವಿಡೀ ಹರಡಿತ್ತು. ರಾಮನಗರ, ಚನ್ನಪಟ್ಟಣ, ದಾವಣಗೆರೆಗಳಲ್ಲಿ ಕೋಮುಗಲಭೆ ಭುಗಿಲೆದ್ದಿತು. ಅಂಗಡಿಗಳು ಸುಟ್ಟವು, ಮನೆಗಳು ಸುಟ್ಟವು, ಜೀವಗಳು ಹೋದವು. ರಾಜ್ಯದ ಕಾನೂನು ಸುವ್ಯವಸ್ಥೆಗೆ ಉತ್ತರದಾಯಿಯಾಗಿದ್ದ ವ್ಯಕ್ತಿ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಪಕ್ಷದ ಅಧ್ಯಕ್ಷರಾಗಿದ್ದ ರಾಜೀವ್ ಗಾಂಧಿಯವರು ಬೆಂಗಳೂರಿಗೆ ಬಂದರು, ಪಾಟೀಲರನ್ನು ಕಂಡರು, ಮರಳಿ ಹೊರಡುವಾಗ ವಿಮಾನ ನಿಲ್ದಾಣದಲ್ಲೇ ಹೊಸ ನಾಯಕನ ಆಯ್ಕೆಯಾಗಲಿದೆಯೆಂದು ಪತ್ರಕರ್ತರಿಗೆ ತಿಳಿಸಿಬಿಟ್ಟರು. ಪಾಟೀಲರು ಒಪ್ಪಲಿಲ್ಲ. ತಾನು ಚೇತರಿಸಿಕೊಂಡಿದ್ದೇನೆ ಎಂಬುದು ಅವರ ವಾದವಾಗಿತ್ತು. ಪರಿಣಾಮವಾಗಿ ಅಕ್ಟೋಬರ್ 10ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂತು. 17ರಂದು ಬಂಗಾರಪ್ಪನವರು ಪ್ರಮಾಣವಚನ ಸ್ವೀಕರಿಸಿದರು.

ಈ ಪ್ರಕರಣವನ್ನು ನಾವು ಸಾಮಾನ್ಯವಾಗಿ ಒಂದು ಪ್ರಬಲ ಸಮುದಾಯಕ್ಕಾದ ಅವಮಾನದ ಕಥೆಯಾಗಿ ನೆನಪಿಸಿಕೊಳ್ಳುತ್ತೇವೆ. ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರ ಸರಿದದ್ದು ಅಂದಿನಿಂದಲೇ ಎಂದು ವಿಶ್ಲೇಷಕರು ಬರೆಯುತ್ತಲೇ ಬಂದಿದ್ದಾರೆ. ಅದು ನಿಜವಿರಬಹುದು. ಆದರೆ ಚನ್ನಪಟ್ಟಣದಲ್ಲಿ ಮನೆ ಕಳೆದುಕೊಂಡವರ ದೃಷ್ಟಿಯಿಂದ ಈ ಕಥೆಯನ್ನು ಯಾರೂ ಹೇಳಿದ್ದಿಲ್ಲ. ಅವರ ಪ್ರಶ್ನೆ ಬೇರೆ. ಮುಖ್ಯಮಂತ್ರಿಗೆ ಕಾಯಿಲೆಯಾದದ್ದು ಅವರ ತಪ್ಪಲ್ಲ, ಒಪ್ಪೋಣ. ಅವರು ಮಲಗಿದ್ದಾಗ ಪೊಲೀಸರಿಗೆ ಸ್ಪಷ್ಟ ಆದೇಶ ಕೊಡಬೇಕಾದವರು ಯಾರಾಗಿದ್ದರು? ತನ್ನ ಹೊಣೆಯನ್ನು ಹಂಗಾಮಿಯಾಗಿ ಇಂಥವರಿಗೆ ವಹಿಸಿದ್ದೇನೆ ಎಂಬ ಒಂದು ಸಾಲಿನ ಪ್ರಕಟಣೆ ಹೊರಬಿದ್ದಿದ್ದರೆ, ಪಾಟೀಲರ ಮಾನವೂ ಉಳಿಯುತ್ತಿತ್ತು, ಗಲಭೆಯ ಉತ್ತರದಾಯಿತ್ವವೂ ಒಬ್ಬರ ಹೆಗಲ ಮೇಲಿರುತ್ತಿತ್ತು. ವಿಪರ್ಯಾಸವೆಂದರೆ, ಹೈಕಮಾಂಡ್ ಅವಸರದಿಂದ ಮಾಡಿದ್ದು ಬದಲಾವಣೆಯನ್ನು. ಅವಸರವಾಗಿ ಬೇಕಾಗಿದ್ದದ್ದು ಪ್ರಭಾರ.

ಇಲ್ಲಿ ನಮ್ಮ ಸಂವಿಧಾನ ಏನನ್ನುತ್ತದೆ ಎಂಬುದನ್ನೂ ನೋಡಬೇಕು. ರಾಷ್ಟ್ರಪತಿಯವರು ಅನಾರೋಗ್ಯದಿಂದ ಅಥವಾ ಗೈರುಹಾಜರಿಯಿಂದ ಕರ್ತವ್ಯ ನಿರ್ವಹಿಸಲಾಗದಿದ್ದರೆ ಉಪರಾಷ್ಟ್ರಪತಿ ಆ ಕೆಲಸ ಮಾಡುತ್ತಾರೆಂದು 65ನೆಯ ವಿಧಿ ನೇರವಾಗಿ ಹೇಳುತ್ತದೆ. 1961ರಲ್ಲಿ ಬಾಬು ರಾಜೇಂದ್ರ ಪ್ರಸಾದರು ಅಸ್ವಸ್ಥರಾದಾಗ ಡಾ. ರಾಧಾಕೃಷ್ಣನ್ ಹೀಗೆ ಕಾರ್ಯ ನಿರ್ವಹಿಸಿದ್ದರು. ಯಾರ ಮರ್ಯಾದೆಗೂ ಕುಂದುಂಟಾಗಲಿಲ್ಲ. ಆದರೆ ನಿಜವಾದ ಅಧಿಕಾರ ಚಲಾಯಿಸುವ ಪ್ರಧಾನಿ ಮತ್ತು ಮುಖ್ಯಮಂತ್ರಿಗಳ ವಿಷಯದಲ್ಲಿ ಸಂವಿಧಾನದಲ್ಲಿ ಇಂತಹ ಏರ್ಪಾಡಿಲ್ಲ. ಅಲಂಕಾರದ ಹುದ್ದೆಗೆ ವ್ಯವಸ್ಥೆಯಿದೆ, ಆಳುವ ಹುದ್ದೆಗಿಲ್ಲ!

ಶಾಸಕರ ಗೈರುಹಾಜರಿಗೆ ಒಂದು ಮಿತಿಯುಂಟು. ಅನುಮತಿಯಿಲ್ಲದೆ ಅರವತ್ತು ದಿನ ಸದನದ ಎಲ್ಲಾ ಸಭೆಗಳಿಗೆ ಬಾರದಿದ್ದರೆ ಆ ಸ್ಥಾನ ತೆರವಾಯಿತೆಂದು ಸದನ ಘೋಷಿಸಬಹುದು ಎನ್ನುತ್ತದೆ 190ನೆಯ ವಿಧಿ. ಕೇಳಲು ಕಠಿಣವಾಗಿದೆ. ಲೆಕ್ಕ ಹಾಕಿ ನೋಡಿದರೆ ಬಣ್ಣ ಬಯಲಾಗುತ್ತದೆ. ಅಧಿವೇಶನ ಮುಕ್ತಾಯಗೊಂಡ ಅವಧಿ ಮತ್ತು ಸತತ ನಾಲ್ಕು ದಿನಗಳಿಗಿಂತ ಹೆಚ್ಚಿನ ಮುಂದೂಡಿಕೆ ಈ ಅರವತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಕರ್ನಾಟಕ ವಿಧಾನಮಂಡಲ ವರ್ಷಕ್ಕೆ ಕನಿಷ್ಠ ಅರವತ್ತು ದಿನ ಸೇರಬೇಕೆಂದು 2005ರಲ್ಲೇ ಕಾಯ್ದೆಯಾಗಿದ್ದರೂ, ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆಯನ್ನು ಮುಟ್ಟಿದ್ದಿಲ್ಲ. ಹೀಗಿರುವಾಗ ಒಬ್ಬ ಶಾಸಕ ವರ್ಷವಿಡೀ ಸದನದ ಕಡೆ ತಲೆ ಹಾಕದಿದ್ದರೂ ಅನರ್ಹತೆಯ ಗೆರೆ ಮುಟ್ಟದೆ ಉಳಿಯಬಹುದು. ರಜೆ ಕೋರಿ ಒಂದು ಪತ್ರ ಬರೆದರಂತೂ ಮುಗಿಯಿತು. ಕ್ಷೇತ್ರಕ್ಕೆ ಬಾರದಿರುವುದಕ್ಕೆ, ಕಡತ ನೋಡದಿರುವುದಕ್ಕೆ ಆ ಅರವತ್ತರ ಮಿತಿಯೂ ಇಲ್ಲ.

ನಿಯಮ ಇಲ್ಲದ ಕಡೆ ಅನುಕೂಲವೇ ನಿಯಮವಾಗುತ್ತದೆ ಎಂಬುದಕ್ಕೆ ಪಕ್ಕದ ಗೋವಾ ಒಳ್ಳೆಯ ನಿದರ್ಶನ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಫ್ರಾನ್ಸಿಸ್ ಡಿಸೋಜಾ ಮತ್ತು ಪಾಂಡುರಂಗ ಮಡಕೈಕರ್ ಎಂಬ ಇಬ್ಬರು ಸಚಿವರನ್ನು ಅನಾರೋಗ್ಯದ ಕಾರಣಕ್ಕೆ ಸಂಪುಟದಿಂದ ಕೈಬಿಡಲಾಯಿತು. ಕೈಬಿಟ್ಟ ಮುಖ್ಯಮಂತ್ರಿ ಮನೋಹರ ಪರ್ರೀಕರರು ಆಗ ಎಲ್ಲಿದ್ದರು? ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು! ಪರ್ರೀಕರರ ಧೈರ್ಯ ದೊಡ್ಡದು. ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ 2019ರ ಜನವರಿಯಲ್ಲಿ ಅವರು ಆಯವ್ಯಯ ಮಂಡಿಸಿದರು. ಮಾರ್ಚ್ 17ರಂದು ನಿಧನರಾದರು. ಆ ಧೈರ್ಯಕ್ಕೆ ತಲೆಬಾಗುತ್ತಲೇ, ಸಚಿವನಿಗೆ ಅನರ್ಹತೆಯಾದದ್ದು ಮುಖ್ಯಮಂತ್ರಿಗೆ ಮಾತ್ರ ತ್ಯಾಗ ಹೇಗಾಯಿತೆಂದು ಕೇಳದಿರಲು ಸಾಧ್ಯವಿಲ್ಲ.

ನಮ್ಮಲ್ಲೇ 2016ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ಹದಿನಾಲ್ಕು ಸಚಿವರನ್ನು ಕೈಬಿಟ್ಟರು. ಅವರಲ್ಲಿ ವಸತಿ ಸಚಿವ ಅಂಬರೀಶ್ ಮತ್ತು ಕಂದಾಯ ಸಚಿವ ವಿ. ಶ್ರೀನಿವಾಸ ಪ್ರಸಾದ್ ಇದ್ದರು. ಇಬ್ಬರ ಆರೋಗ್ಯದ ಮಾತೂ ಆಗ ಚರ್ಚೆಯಲ್ಲಿತ್ತು. ಅಂಬರೀಶ್ 2014ರಲ್ಲಿ ತೀವ್ರ ಅಸ್ವಸ್ಥರಾಗಿ ಸಿಂಗಪುರದಲ್ಲಿ ಚಿಕಿತ್ಸೆ ಪಡೆದು ಬಂದವರು. ಸೂರಿಲ್ಲದವರಿಗೆ ಸೂರು ಕೊಡುವ ಖಾತೆ ಅದಾದ ಮೇಲೂ ಎರಡು ವರ್ಷ ಅವರ ಹೆಸರಿನಲ್ಲೇ ಉಳಿಯಿತು. ಅವರಿಗೆ ಕೆಲಸ ಸಾಧ್ಯವಿತ್ತು ಎಂದಾದರೆ 2016ರಲ್ಲಿ ತೆಗೆದದ್ದೇಕೆ? ಸಾಧ್ಯವಿರಲಿಲ್ಲ ಎಂದಾದರೆ ಎರಡು ವರ್ಷ ಕಾದದ್ದೇಕೆ? ಎರಡಕ್ಕೂ ಉತ್ತರ ಒಂದೇ: ಮಾನದಂಡ ಇರಲೇ ಇಲ್ಲ. ಇನ್ನು ಶ್ರೀನಿವಾಸ ಪ್ರಸಾದರು ನೊಂದು ಶಾಸಕ ಸ್ಥಾನಕ್ಕೆ ರಾಜೀನಾಮೆಯಿತ್ತರು, 2017ರ ನಂಜನಗೂಡು ಉಪಚುನಾವಣೆಯಲ್ಲಿ ಸೋತರು, ಆದರೆ 2019ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾದರು. ಪಕ್ಷವೊಂದು ಬೇಡವೆಂದವರನ್ನು ಮತದಾರರು ಬೇಕೆಂದರು. 2023ರಲ್ಲಿ ತೊಂಬತ್ತು ದಾಟಿದ್ದ ಶಾಮನೂರು ಶಿವಶಂಕರಪ್ಪನವರನ್ನು ದಾವಣಗೆರೆ ದಕ್ಷಿಣದ ಜನ ಗೆಲ್ಲಿಸಿದಾಗಲೂ ಅವರ ವಯಸ್ಸನ್ನು ತಿಳಿದೇ ಗೆಲ್ಲಿಸಿದರು.

ತಿಳಿದೇ ಎಂಬ ಮಾತು ಮುಖ್ಯವಾದುದು. ಜನರಿಗೆ ತಿಳಿದಿದ್ದರೆ ಕಾಯಿಲೆ ಅಪಾಯವಲ್ಲ. ಬಚ್ಚಿಟ್ಟ ಕಾಯಿಲೆ ಮಾತ್ರ ಸರಕಾರವನ್ನೇ ಕಾಯಿಲೆಗೆ ತಳ್ಳುತ್ತದೆ. ತಮಿಳುನಾಡಿನಲ್ಲಿ ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಆಸ್ಪತ್ರೆ ಸೇರಿದರು, ಡಿಸೆಂಬರ್ 5ರಂದು ಮೃತಪಟ್ಟರು. ಜ್ವರ ಮತ್ತು ನಿರ್ಜಲೀಕರಣ ಎಂದು ಆರಂಭವಾದ ಪ್ರಕಟಣೆಗಳನ್ನು ನಂಬಿ ಜನ ದಿನ ಎಣಿಸಿದರು. ಅವರ ಖಾತೆಗಳನ್ನು ಪನ್ನೀರಸೆಲ್ವಂ ಅವರಿಗೆ ಒಪ್ಪಿಸಲು ಅಕ್ಟೋಬರ್ 11ರವರೆಗೆ ಕಾಯಬೇಕಾಯಿತು. ಉಪಚುನಾವಣೆಯ ಪತ್ರಗಳ ಮೇಲೆ ಸಹಿಯ ಬದಲು ಹೆಬ್ಬೆಟ್ಟಿನ ಗುರುತು ಬಂತು. ಅದರ ಸಿಂಧುತ್ವದ ಪ್ರಶ್ನೆ ಹೈಕೋರ್ಟ್‌ವರೆಗೆ ಹೋಯಿತು. ಸಾವಿನ ಬಗೆಗಿನ ಅನುಮಾನಗಳ ಪರಿಹಾರಕ್ಕೆಂದು 2017ರಲ್ಲಿ ನೇಮಕವಾದ ಆರುಮುಗಸ್ವಾಮಿ ಆಯೋಗ ವರದಿ ಕೊಟ್ಟದ್ದು 2022ರಲ್ಲಿ. ಎಪ್ಪತ್ತೈದು ದಿನಗಳ ಗುಟ್ಟಿಗೆ ಐದು ವರ್ಷಗಳ ವಿಚಾರಣೆ!

ಹಾಗಾದರೆ ಅಭ್ಯರ್ಥಿಗಳಿಂದ ವೈದ್ಯಕೀಯ ವರದಿಯನ್ನೇ ಕೇಳಿಬಿಡೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ಅಪರಾಧ, ಆಸ್ತಿ, ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕೆಂದು ಸುಪ್ರೀಂ ಕೋರ್ಟು ವಿಧಿಸಿರುವಾಗ ಆರೋಗ್ಯವನ್ನೂ ಸೇರಿಸಿದರೇನು ಎಂಬುದು ಅವರ ತರ್ಕ. ಈ ಸಲಹೆಯನ್ನು ನಾವು ಒಪ್ಪಲಾರೆವು. ಕಾಯಿಲೆಯೇ ಅನರ್ಹತೆ ಎಂಬ ಕಾನೂನು ಯಾರ ಕುತ್ತಿಗೆಗೆ ಬೀಳುತ್ತದೆಂಬುದನ್ನು ಒಡಿಶಾ ತೋರಿಸಿದೆ. ಅಲ್ಲಿನ ಪುರಸಭಾ ಕಾಯ್ದೆಯಲ್ಲಿ ಕುಷ್ಠ ಮತ್ತು ಕ್ಷಯ ರೋಗಿಗಳಿಗೆ ಸದಸ್ಯತ್ವ ನಿಷಿದ್ಧವಾಗಿತ್ತು. ಚುನಾಯಿತ ಪ್ರತಿನಿಧಿಯೊಬ್ಬರು ಈ ಕಾರಣಕ್ಕೆ ಸ್ಥಾನ ಕಳೆದುಕೊಂಡದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕುಷ್ಠಕ್ಕೆ ಸಂಪೂರ್ಣ ಗುಣವಾಗುವ ಔಷಧ ಬಂದು ಅದಾಗಲೇ ದಶಕಗಳಾಗಿದ್ದವು. ಹೃದಯದ ಶಸ್ತ್ರಚಿಕಿತ್ಸೆಗೆ ವಿದೇಶಕ್ಕೆ ಹಾರುವ ನಾಯಕ ಅರ್ಹನಾಗಿಯೇ ಉಳಿದ, ಬಡವರ ಕಾಯಿಲೆ ಬಂದ ಪುರಸಭಾ ಸದಸ್ಯ ಅನರ್ಹನಾದ. ಆರೋಗ್ಯ ವರದಿ ಚುನಾವಣೆಯ ಅಸ್ತ್ರವಾಗುವ ಅಪಾಯವಂತೂ ಇದ್ದೇ ಇದೆ. 2024ರ ಮೇ ತಿಂಗಳಲ್ಲಿ ನವೀನ್ ಪಟ್ನಾಯಕರ ಆರೋಗ್ಯ ಕೆಡುತ್ತಿರುವುದೇಕೆಂದು ತನಿಖೆಗೆ ಸಮಿತಿ ರಚಿಸುವುದಾಗಿ ಪ್ರಧಾನಿ ನರೇಂದ್ರ ಮೋದಿಯವರು ಪ್ರಚಾರ ಸಭೆಯಲ್ಲಿ ಘೋಷಿಸಿದರು. ತಾನು ಆರೋಗ್ಯವಾಗಿದ್ದೇನೆಂದು ಆ ಹಿರಿಯರು ಮತದಾರರ ಮುಂದೆ ಸಮಜಾಯಿಷಿ ಕೊಡಬೇಕಾಯಿತು.

ಬಳ್ಳಾರಿಯ ಜನರಿಗೆ ಆರೋಗ್ಯವಂತರ ಗೈರುಹಾಜರಿಯ ಅನುಭವವೂ ಇದೆ. 1999ರಲ್ಲಿ ದೇಶವೇ ತಿರುಗಿ ನೋಡಿದ ಸ್ಪರ್ಧೆಯಲ್ಲಿ ಸುಷ್ಮಾ ಸ್ವರಾಜರನ್ನು ಸೋಲಿಸಿದ ಸೋನಿಯಾ ಗಾಂಧಿಯವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಮರುವರ್ಷ ಇಲ್ಲಿ ಮತ್ತೊಮ್ಮೆ ಮತದಾನ ನಡೆಯಿತು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ದೇಹ ಗಟ್ಟಿಯಿದ್ದ ಮಾತ್ರಕ್ಕೆ ಪ್ರತಿನಿಧಿ ದೊರೆಯುತ್ತಾನೆಂಬ ಭರವಸೆಯಿಲ್ಲ ಎಂದಷ್ಟೇ ಇಲ್ಲಿ ಹೇಳಬೇಕಿದೆ.

ಸಿರುಗುಪ್ಪದ ಕಡೆಯ ಭತ್ತದ ರೈತನಿಗೆ ಈ ಚರ್ಚೆಯೆಲ್ಲ ಬೆಂಗಳೂರಿನ ಮಾತಾಗಿ ಕೇಳಿಸಬಹುದು. ಹಾಗಲ್ಲ. ತುಂಗಭದ್ರಾ ಕಾಲುವೆಗಳಿಗೆ ಎಂದು ನೀರು ಬಿಡಬೇಕು, ಎಂದು ನಿಲ್ಲಿಸಬೇಕು ಎಂಬ ತೀರ್ಮಾನ ಸಚಿವರೊಬ್ಬರ ಅಧ್ಯಕ್ಷತೆಯ ನೀರಾವರಿ ಸಲಹಾ ಸಮಿತಿಯಲ್ಲಿ ಆಗುತ್ತದೆ. ಆ ಸಭೆ ಹದಿನೈದು ದಿನ ತಡವಾದರೆ ಸಸಿಮಡಿ ತಡವಾಗುತ್ತದೆ, ಕಾಲುವೆಯ ಕೊನೆಯ ಭಾಗದವರಿಗೆ ನೀರು ತಲುಪುವುದು ಇನ್ನೂ ತಡವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಎಷ್ಟು ನೀರು ನದಿಗೆ ಹರಿಸುವುದು, ತಾತ್ಕಾಲಿಕ ಗೇಟನ್ನು ಹೇಗೆ ಇಳಿಸುವುದು ಎಂಬುದನ್ನು ಗಂಟೆಗಳ ಲೆಕ್ಕದಲ್ಲಿ ನಿರ್ಧರಿಸಬೇಕಾಯಿತು. ಮುಂಗಾರಿನ ಬೆಳೆಯ ಭವಿಷ್ಯ ಆ ಒಂದು ವಾರದ ಮೇಲೆ ನಿಂತಿತ್ತು. ಅಂತಹ ರಾತ್ರಿ ಸಂಬಂಧಪಟ್ಟ ಸಚಿವರು ತೀವ್ರ ನಿಗಾ ಘಟಕದಲ್ಲಿದ್ದು, ಪ್ರಭಾರ ಯಾರಿಗೂ ಇಲ್ಲದಿದ್ದರೆ ಕಡತ ಯಾರ ಮೇಜಿಗೆ ಹೋಗಬೇಕು?

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ನಮ್ಮ ಕಚೇರಿಗಳಿಗೆ ಬಂದು ಅಮಾನತ್ತಾದಾಗ ಕೆಲಸದಿಂದ ದೂರವಿಡುವುದೆಂಬ ಅರ್ಥ ಪಡೆಯಿತು. ನಮ್ಮ ರಾಜಕಾರಣಿಗಳಿಗೆ ಗೊತ್ತಿರುವುದು ಎರಡನೆಯ ಅರ್ಥ ಮಾತ್ರವಿರಬೇಕು. ಖಾತೆಯನ್ನು ಕೆಲದಿನಗಳ ಮಟ್ಟಿಗೆ ಬೇರೊಬ್ಬರಿಗೆ ಒಪ್ಪಿಸಿದರೆ ಅದು ಮರಳಿ ಬಾರದೆಂಬ ಭಯ ಅವರನ್ನು ಕಾಡುತ್ತದೆ. ಈ ಭಯ ನಿರಾಧಾರವೂ ಅಲ್ಲ. ವೀರೇಂದ್ರ ಪಾಟೀಲರಿಗೆ ಆದದ್ದನ್ನು ನೋಡಿದ ಯಾವ ಮುಖ್ಯಮಂತ್ರಿ ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿಯಾನು? ಆದ್ದರಿಂದ ಪ್ರಭಾರದ ನಿಯಮದಲ್ಲಿ ರೋಗಿಗೂ ರಕ್ಷಣೆಯಿರಬೇಕು.

ಇದಕ್ಕೆ ಸಂವಿಧಾನ ತಿದ್ದುಪಡಿಯವರೆಗೆ ಕಾಯಬೇಕಾಗಿಲ್ಲ. 166ನೆಯ ವಿಧಿಯಡಿ ರೂಪುಗೊಂಡ ಕರ್ನಾಟಕ ಸರಕಾರದ 1977ರ ಕಾರ್ಯನಿರ್ವಹಣಾ ನಿಯಮಗಳಿವೆ. ಸಚಿವರೊಬ್ಬರು ಹದಿನೈದು ದಿನಗಳಿಗಿಂತ ಹೆಚ್ಚು ಕಾಲ ಕಡತ ನೋಡಲಾಗದಿದ್ದರೆ ಅವರ ಖಾತೆಯ ಪ್ರಭಾರ ಯಾರಿಗೆಂದು ರಾಜ್ಯಪತ್ರದಲ್ಲಿ ಪ್ರಕಟವಾಗಲೇಬೇಕೆಂದೂ, ಗುಣವಾಗಿ ಮರಳಿದ ದಿನ ಖಾತೆ ತಾನಾಗಿಯೇ ಅವರಿಗೆ ಸೇರಬೇಕೆಂದೂ ಅಲ್ಲಿ ಬರೆಯಲಿ. ಮುಖ್ಯಮಂತ್ರಿಯಾದವರು ಪ್ರಮಾಣವಚನದ ದಿನವೇ ತನ್ನ ಅನುಪಸ್ಥಿತಿಯಲ್ಲಿ ಸಂಪುಟ ಸಭೆ ನಡೆಸುವವರ ಹೆಸರನ್ನು ಸೂಚಿಸಲಿ. ಕಾಯಿಲೆ ಯಾವುದೆಂದು ಜಗತ್ತಿಗೆ ಸಾರಬೇಕಿಲ್ಲ, ಕೆಲಸ ಯಾರು ಮಾಡುತ್ತಿದ್ದಾರೆಂದು ತಿಳಿಸಿದರೆ ಸಾಕು. ಶಾಶ್ವತವಾಗಿ ಬದಲಿಸಲೇಬೇಕಾದ ಸಂದರ್ಭ ಬಂದರೆ ಶಾಸಕಾಂಗ ಪಕ್ಷ ಸೇರಿ, ರೋಗಿಯ ಮಾತನ್ನೂ ಕೇಳಿ ನಿರ್ಧರಿಸಲಿ. ವಿಮಾನ ನಿಲ್ದಾಣ ಅದಕ್ಕೆ ತಕ್ಕ ಜಾಗವಲ್ಲ.