ಬಣ್ಣ ಆಮೇಲೆ ಬಳಿಯಿರಿ ಮಾರಾಯ್ರೆ!

ಮೊನ್ನೆ ನಮ್ಮ ಬೀದಿಯ ಹುಡುಗ 'ಟ್ಯಾಂಕ್ ಆಸೆ ಬಿಟ್ಟೆ ಅಂಕಲ್' ಅಂದ. ಯಾಕೋ ಅಂದ್ರೆ, ರಿಮೋಟ್ ಟ್ಯಾಂಕ್ ಕಾಳಗ ಆಡೋ ಪಂಡಿತರೊಬ್ಬರು ಹೇಳಿದರಂತೆ: ತಮಿಯಾದ 1/16 ಅಳತೆಯ ಕಿಟ್ಟೇ ತರಿಸು, ಚೈನು ಲೋಹದ್ದೇ ಹಾಕು, ಬಣ್ಣ ಇತಿಹಾಸಕ್ಕೆ ಸರಿಹೊಂದಬೇಕು... ನನಗೆ ಮೈಯೆಲ್ಲಾ ಉರಿದುಹೋಯ್ತು.

ಸ್ವಾಮಿ, ಟ್ಯಾಂಕ್ ಮೊದಲು ತಿರುಗಬೇಕು! ಎಡಕ್ಕೊಂದು ಬಲಕ್ಕೊಂದು ಮೋಟಾರು. ಒಂದು ಮುಂದೆ, ಇನ್ನೊಂದು ಹಿಂದೆ ಓಡಿದರೆ ನಿಂತಲ್ಲೇ ಗಿರಗಿರ. ಇಷ್ಟು ಕಲಿಯೋಕೆ ಪ್ಲೈವುಡ್ಡು, ಗುಜರಿಯಿಂದ ತಂದ ಎರಡು ಕಾರ್ ವೈಪರ್ ಮೋಟಾರು, 12 ವೋಲ್ಟ್ ಬ್ಯಾಟರಿ, ಒಂದು ರಿಮೋಟು, ಹಿಂದಕ್ಕೂ ಓಡಿಸಬಲ್ಲ ಎರಡು ಸ್ಪೀಡ್ ಕಂಟ್ರೋಲರ್ ಸಾಕು.

ಪ್ಲೈವುಡ್ಡೇ ಯಾಕೆ ಅಂತೀರಾ? ನಾನು ಜಾಣತನ ಮಾಡಿ ಕಬ್ಬಿಣದ ತಗಡಿಗೆ ಬೋಲ್ಟ್ ಹಾಕಿದ್ದೆ. ಇಂಥ ಎಷ್ಟೋ ಮೋಟಾರುಗಳ ನೆಗೆಟಿವ್ ಅದರ ಹೊರಮೈಗೇ ಸೇರಿರುತ್ತೆ. ಒಂದನ್ನು ಹಿಂದಕ್ಕೆ ತಿರುಗಿಸಿದ್ದೇ ತಡ, ತಗಡಿನ ಮೂಲಕ ಶಾರ್ಟ್! ಫ್ಯೂಸ್ ಬೇರೆ ಹಾಕಿರಲಿಲ್ಲ :-( ಎರಡು ದಿನ ಮನೆಯೆಲ್ಲಾ ಸುಟ್ಟ ವೈರಿನ ವಾಸನೆ. ಇದನ್ನು ಯಾವ ಪಂಡಿತನೂ ಹೇಳಿರಲಿಲ್ಲ. ಬಣ್ಣದ ಬಗ್ಗೆ ಮಾತ್ರ ಗಂಟೆಗಟ್ಟಲೆ ಕೊರೆತ.

ಇನ್ನು 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸಿದರೇನೇ ಮಜಾ ಅನ್ನೋರಿದ್ದಾರೆ. ಸುತ್ತ ಮಕ್ಕಳು ಕೂತಿರುವಾಗ ಕಣ್ಣಿಗೆ ತಗುಲಿದರೆ ಯಾರು ಹೊಣೆ? ಟಿವಿ ರಿಮೋಟಿನ ಥರ ಇನ್‌ಫ್ರಾರೆಡ್ ಇದೆಯಲ್ಲ! ಪೆಟ್ಟುಗಳ ಲೆಕ್ಕ ಅದೇ ಇಡುತ್ತೆ, ಮಿತಿ ಮೀರಿದರೆ ಟ್ಯಾಂಕ್ ನಿಂತುಬಿಡುತ್ತೆ. ಕಣ್ಣಿಗೂ ಅಪಾಯವಿಲ್ಲ.

ಭಾನುವಾರ ಆ ಹುಡುಗನ್ನ ಗುಜರಿಗೆ ಕರೆದುಕೊಂಡು ಹೋಗ್ತಿದೀನಿ. ಈ ಸಲ ಫ್ಯೂಸ್ ಮೊದಲು.