ಬಚ್ಚಲೊಲೆಯ ಬೂದಿ

ಬಚ್ಚಲೊಲೆಯ ಬೂದಿಯನ್ನು ತೋಟಕ್ಕೆ ಹೊರಿಸುವ ಮೊದಲು ಒಮ್ಮೆ ಜರಡಿ ಹಿಡಿದು ನೋಡಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ. ಸೌದೆ, ಸೋಗೆ, ಅಡಿಕೆ ಸಿಪ್ಪೆ ಉರಿಸಿದ ಬೂದಿ ಕೈಗೆ ಹಿಟ್ಟಿನಂತೆ ಹತ್ತುತ್ತದೆ. ಈಗಿನ ಬೂದಿಯಲ್ಲಿ ಅದರ ಜೊತೆಗೆ ಮಿನುಗುವ ತೆಳು ತಗಡಿನ ಚೂರುಗಳು, ಕರಗಿ ಗಟ್ಟಿಯಾದ ಕಪ್ಪು ಉಂಡೆಗಳು, ಒಮ್ಮೊಮ್ಮೆ ಅರ್ಧ ಬ್ಲೇಡು ಕೂಡ ಸಿಗುತ್ತವೆ. ಮಿನುಗುವುದು ಪೇಸ್ಟಿನ ಟ್ಯೂಬುಗಳ, ಕೆಲವು ಪೊಟ್ಟಣಗಳ ಒಳಪದರದ ಅಲ್ಯೂಮಿನಿಯಂ. ಉರಿಗೆ ಪ್ಲಾಸ್ಟಿಕ್ಕು ಹೋಗುತ್ತದೆ, ಅದು ಉಳಿಯುತ್ತದೆ.

ಬೆಳೆಗಾರರ ಪತ್ರಿಕೆಯಲ್ಲಿ ಬಚ್ಚಲುಮನೆಯ ಮಾತೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ. ಪೇಟೆಯವರ ಕಸವನ್ನು ಹೇಗಾದರೂ ಒಂದು ಗಾಡಿ ಬಂದು ಒಯ್ಯುತ್ತದೆ. ಅದು ಎಲ್ಲಿಗೆ ಹೋಗುತ್ತದೆಂಬುದು ಬೇರೆ ಮಾತು. ಗದ್ದೆ ದಾಟಿ, ಏರು ಹತ್ತಿ, ಮೈಲಿ ದೂರದಲ್ಲಿ ಒಂಟಿಯಾಗಿರುವ ನಮ್ಮ ಮನೆಗಳಿಗೆ ಯಾವ ಗಾಡಿಯೂ ಬರುವುದಿಲ್ಲ. ಬಚ್ಚಲಿನಿಂದ ಹೊರಹೋಗಲು ಇರುವುದು ಎರಡೇ ದಾರಿ. ನೀರು ಹಿತ್ತಿಲ ಬಾಳೆ, ಕೆಸುವಿನ ಬುಡಕ್ಕೆ ಹೋಗಿ, ಅಲ್ಲಿಂದ ಬಸಿಗಾಲುವೆ ಹಿಡಿದು ತೋಟಕ್ಕೆ ಇಳಿಯುತ್ತದೆ. ಬೂದಿ ಗೊಬ್ಬರದ ಗುಂಡಿಗೆ ಬಿದ್ದು, ಅಲ್ಲಿಂದ ಮರದ ಬುಡ ಸೇರುತ್ತದೆ. ಹೀಗಾಗಿ ನಾವು ಬಚ್ಚಲಿಗೆ ತಂದದ್ದೆಲ್ಲ ಇಂದಲ್ಲ ನಾಳೆ ತೋಟಕ್ಕೆ ಬರತಕ್ಕದ್ದೇ.

ಹಿರಿಯರು ಈ ಏರ್ಪಾಡನ್ನು ಬುದ್ಧಿಪೂರ್ವಕವಾಗಿಯೇ ಮಾಡಿದ್ದರು. ಫಲಕ್ಕೆ ಬಂದ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕೆಂದು ಶಿಫಾರಸು ಇದೆ. ಮೂರರಲ್ಲಿ ಹೆಚ್ಚು ಬೇಕಾದದ್ದು ಪೊಟ್ಯಾಷ್. ಸೌದೆಯ ಬೂದಿಯಲ್ಲಿ ಇರುವುದೂ ಮುಖ್ಯವಾಗಿ ಅದೇ, ಜೊತೆಗೆ ಸುಣ್ಣದ ಗುಣವೂ ಉಂಟು. ಮಳೆ ಹೊಡೆದು ಹುಳಿಯಾದ ನಮ್ಮ ಮಣ್ಣಿಗೆ ಇದು ಪುಕ್ಕಟೆಯಾಗಿ ಸಿಗುವ ಔಷಧ. ಅಂತಹ ಬೂದಿಯನ್ನು ನಮ್ಮ ಕೈಯಾರೆ ಕೆಡಿಸಿ, ಅಂಗಡಿಯಿಂದ ಪೊಟ್ಯಾಷ್ ಚೀಲ ಹೊತ್ತು ತರುವುದು ಯಾವ ಲೆಕ್ಕದ ಬೇಸಾಯವೋ ನಮಗಂತೂ ತಿಳಿಯದು.

ಇದು ಬಹಳ ಹಳೆಯ ಕಥೆಯೇನಲ್ಲ. ಬಚ್ಚಲ ಗೂಡಿನಲ್ಲಿ ಸೀಗೆಪುಡಿ, ಅಂಟುವಾಳ, ಹೀರೇಕಾಯಿ ನಾರು ಇರುತ್ತಿದ್ದವು. ತಲೆಗೆ ಮತ್ತಿ ಸೊಪ್ಪಿನದೋ ದಾಸವಾಳದ ಎಲೆಯದೋ ಗೊಂಪು. ಸಾಬೂನು ಬಂದಾಗಲೂ ಅದು ಕಾಗದದಲ್ಲೇ ಬಂತು. 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಆರಂಭವಾದ ಕಾಲದಿಂದ ಗಂಧದ ಸಾಬೂನಿನ ಗುರುತೇ ಅದರ ರಟ್ಟಿನ ಪೆಟ್ಟಿಗೆ. ಪರಿಸ್ಥಿತಿ ಬದಲಾದದ್ದು ಪೊಟ್ಟಣದಿಂದ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಎಂಬವರು ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ಮಾರುವ ಉಪಾಯ ತೆಗೆದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ತಂದು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಬಳಿಕ ದೊಡ್ಡ ಕಂಪೆನಿಗಳೂ ಅದೇ ದಾರಿ ಹಿಡಿದವು. ಇಂದು ಪೊಟ್ಟಣದ ಸರ ತೂಗಾಡದ ಗೂಡಂಗಡಿ ಮಲೆನಾಡಿನಲ್ಲಿ ಸಿಗುವುದು ಕಷ್ಟ.

ಪೊಟ್ಟಣ ಕೊಳ್ಳುವವರನ್ನು ದಡ್ಡರೆಂದು ಹಳಿಯಲು ನಾವು ಸಿದ್ಧರಿಲ್ಲ. ವಾರದ ಬಟವಾಡೆಯಲ್ಲಿ ಸಂತೆ ಮುಗಿಸಬೇಕಾದವರು ಇನ್ನೂರು ರೂಪಾಯಿಯ ಬಾಟಲಿಗೆ ಕೈ ಹಾಕುವುದಿಲ್ಲ. ಅಷ್ಟೇ ಅಲ್ಲ, ತೂಕಕ್ಕೆ ತೂಕ ಹಾಕಿದರೆ ಎಷ್ಟೋ ಬಾರಿ ಪೊಟ್ಟಣವೇ ಬಾಟಲಿಗಿಂತ ಅಗ್ಗ! ಆದರೆ ಬಳಸಿದ ಪೊಟ್ಟಣವನ್ನು ಗುಜರಿಯವನು ಮುಟ್ಟುವುದಿಲ್ಲ. ಬೇರೆ ಬೇರೆ ಜಾತಿಯ ಪದರಗಳನ್ನು ಅಂಟಿಸಿ ಮಾಡಿದ ವಸ್ತುವನ್ನು ಮತ್ತೆ ಬಿಡಿಸಿ ಕರಗಿಸುವುದು ಯಾರಿಗೂ ಗಿಟ್ಟದು. ಬಾಟಲಿಯಾದರೆ ಒಂದೇ ಜಾತಿಯ ದಪ್ಪ ಪ್ಲಾಸ್ಟಿಕ್ಕು. ಅದನ್ನು ಅವನೇ ಕೇಳಿ ಒಯ್ಯುತ್ತಾನೆ. ಲೆಕ್ಕ ಹಾಕಿ ನೋಡಿ: ನಾಲ್ಕು ಜನರ ಮನೆ, ವಾರಕ್ಕೆ ಎರಡು ತಲೆಸ್ನಾನ, ತಲೆಗೊಂದು ಪೊಟ್ಟಣ ಎಂದರೆ ವರ್ಷಕ್ಕೆ 416. ಅಂತಹ ನೂರು ಮನೆಗಳಿದ್ದರೆ 41,600. ಇವೆಲ್ಲ ಹೋಗುವುದು ಒಂದೋ ಹಳ್ಳಕ್ಕೆ, ಇಲ್ಲವೋ ಒಲೆಗೆ.

ಒಲೆಗೆ ಹಾಕಿದರೆ ಊರು ಚೊಕ್ಕಟವಾಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಂಡೆ ಒಲೆ ಕುಲುಮೆಯಲ್ಲ. ಮಳೆಗಾಲದ ಹಸಿ ಸೌದೆಯ ಮಂದ ಉರಿಯಲ್ಲಿ ಪ್ಲಾಸ್ಟಿಕ್ಕು ಪೂರ್ತಿ ಉರಿಯದೆ ವಿಷದ ಹೊಗೆಯಾಗುತ್ತದೆ. ಅದರ ಜೊತೆ ಹರಿದ ಚಪ್ಪಲಿಯದೋ ಪೈಪಿನದೋ ಪಿವಿಸಿ ತುಂಡು ಬಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಇದು ಬೇಗ ನಾಶವಾಗದು. ಹುಲ್ಲಿನ ಮೇಲೆ ಕೂತು, ದನದ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ನಿಲ್ಲುತ್ತದೆ. 2001ರ ಸ್ಟಾಕ್‌ಹೋಂ ಒಪ್ಪಂದದಲ್ಲಿ ಹತೋಟಿಗೆ ತರಬೇಕೆಂದು ಪಟ್ಟಿ ಮಾಡಿದ ವಿಷಗಳಲ್ಲಿ ಇದೂ ಒಂದು. ನಮ್ಮ ದೇಶ 2006ರಲ್ಲಿ ಅದನ್ನು ಅನುಮೋದಿಸಿದೆ. ನಸುಕಿನಲ್ಲೆದ್ದು ಆ ಒಲೆಯ ಮುಂದೆ ಕೂತು ಊದುವವರು ಯಾರೆಂಬುದನ್ನು ಗಂಡಸರು ಯೋಚಿಸಬೇಕು.

ಹಾಗಾದರೆ ಎಲ್ಲರೂ ಮರಳಿ ಸೀಗೆಗೆ ಹೋಗಿ ಎಂದು ಬೋಧಿಸುವುದೇ? ಸೀಗೆ ಒಣಗಿಸಿ, ಕುಟ್ಟಿ, ಸೋಸಿ ಇಡುವ ಕೆಲಸ ಮನೆಯ ಹೆಂಗಸರ ತಲೆಗೇ ಬರುತ್ತದಾದ್ದರಿಂದ ಅಷ್ಟು ಸುಲಭವಾಗಿ ಹಾಗೆ ಹೇಳಲಾರೆವು. ಪ್ರಕೃತಿಯದೆಲ್ಲ ನಿರಪಾಯ ಎಂಬುದೂ ಸರಿಯಲ್ಲ. ಅಂಟುವಾಳದ ನೊರೆ ಮೀನಿಗೆ ವಿಷ. ಹಳ್ಳದಲ್ಲಿ ಮೀನು ಹಿಡಿಯಲು ಅದನ್ನು ಬಳಸುವ ರೂಢಿಯೇ ಇತ್ತು. ಸೀಗೆಯಾಗಲಿ ಶಾಂಪೂವಾಗಲಿ, ಆ ನೀರು ಬಾಳೆಯ ಬುಡದಲ್ಲಿ ಇಂಗಬೇಕು, ಹಳ್ಳಕ್ಕೆ ನೇರ ಹೋಗಬಾರದು. ಹಲ್ಲಿನ ವಿಷಯದಲ್ಲೂ ಇದ್ದಿಲು, ಇಟ್ಟಿಗೆ ಪುಡಿಯ ಕಾಲ ಮರಳುವುದು ಬೇಡ, ಅವು ಹಲ್ಲನ್ನೇ ಸವೆಸುತ್ತವೆ. ಬ್ರಷ್ಷು ಇರಲಿ. ಸವೆದ ಮೇಲೆ ಬೋರ್ಡೋ ಹೊಡೆಯುವ ಗನ್ನಿನ ನಾಜಲ್ ತೊಳೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಹೀರೇಕಾಯಿ ನಾರಿಗೆ ಮಾತ್ರ ಯಾವ ಆಕ್ಷೇಪಣೆಯೂ ಇರಲಾರದು. ಬೇಲಿಯ ಮೇಲೆ ನಾಲ್ಕು ಕಾಯಿ ಬಲಿಯಲು ಬಿಟ್ಟರೆ ವರ್ಷದ ಮೈಯುಜ್ಜು ಮುಗಿಯಿತು, ಸವೆದದ್ದು ಗೊಬ್ಬರದ ಗುಂಡಿಗೆ. ಕ್ಷೌರಕ್ಕೆ ಹಳೆಯ ಲೋಹದ ರೇಜರನ್ನೇ ಇಟ್ಟುಕೊಳ್ಳಿ. ಹಳೆಯ ಬ್ಲೇಡುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಬರಿಗಾಲಲ್ಲಿ ಗೊಬ್ಬರ ಹೊರುವವರ ಪಾದದ ಮೇಲೆ ಸ್ವಲ್ಪ ಕರುಣೆ ಇರಲಿ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಬಳಸುವ ಪ್ಯಾಡುಗಳ ಬಹುಭಾಗ ಪ್ಲಾಸ್ಟಿಕ್ಕೇ. ಹೂತರೆ ಕೊಳೆಯವು, ಸುಟ್ಟರೆ ಮೇಲೆ ಹೇಳಿದ ಹೊಗೆಯೇ. ಲೈನು ಮನೆಗಳಲ್ಲಿ ಇವನ್ನು ಯಾರ ಕಣ್ಣಿಗೂ ಬೀಳದಂತೆ ಎಸೆಯುವ ಕಷ್ಟ ನಮಗೆ ಕಾಣದಿರುವುದರಿಂದ ಅದು ಇಲ್ಲವೆಂದು ಭಾವಿಸಿದ್ದೇವೆ. ಕೇರಳದ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಪಂಚಾಯತಿ ಹೆಂಗಸರಿಗೆ ತಿಳುವಳಿಕೆ ನೀಡಿ, ತೊಳೆದು ವರ್ಷಗಟ್ಟಲೆ ಬಳಸಬಹುದಾದ ಕಪ್ಪುಗಳನ್ನು ಹಂಚಿತು. 2022ರ ಜನವರಿಯಲ್ಲಿ ಅದನ್ನು ದೇಶದ ಮೊದಲ ನ್ಯಾಪ್‌ಕಿನ್‌ರಹಿತ ಪಂಚಾಯತಿಯೆಂದು ಘೋಷಿಸಲಾಯಿತು. ಕಪ್ಪೋ ಬಟ್ಟೆಯೋ ಪ್ಯಾಡೋ, ಆಯ್ಕೆ ಅವರದು. ಆದರೆ ಬಾಗಿಲು, ಚಿಲಕ, ಸಾಕಷ್ಟು ನೀರು ಇರುವ ಬಚ್ಚಲಿಲ್ಲದೆ ಆಯ್ಕೆಯ ಮಾತು ಬರೀ ಮಾತು. ಅದನ್ನು ಕಟ್ಟಿಸಿಕೊಡುವುದು ತೋಟದ ಯಜಮಾನನ ಕೆಲಸ.

ಕಾನೂನು ಇಲ್ಲವೆಂದಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯತಿಗಳಿಗೂ ಅನ್ವಯಿಸಿದವು, ತಯಾರಕರ ಮೇಲೂ ಜವಾಬ್ದಾರಿ ಹೊರಿಸಿದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಕಿವಿಹತ್ತಿಗೂ ನಿಷೇಧ ಬಂತು. ಕಿವಿಯ ಕಡ್ಡಿ ಹೋಯಿತು, ಶಾಂಪೂ ಸರ ಉಳಿಯಿತು.

ಆದ್ದರಿಂದ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಸಂಘದ ಮಾರಾಟ ಮಳಿಗೆಯಲ್ಲೂ ಆ ಸರ ತೂಗುತ್ತಿದೆ. ಅದನ್ನು ಇಳಿಸಿ, ಸೀಗೆಪುಡಿಯನ್ನು ತೂಕದ ಲೆಕ್ಕದಲ್ಲಿ, ಸಾಬೂನನ್ನು ಕಾಗದದ ಹೊದಿಕೆಯದನ್ನೇ ಆರಿಸಿ, ಶಾಂಪೂವನ್ನು ದೊಡ್ಡ ಬಾಟಲಿಯಲ್ಲಿ ಮಾರಬೇಕೆಂದು ಬರುವ ಮಹಾಸಭೆಯಲ್ಲಿ ಸೂಚನೆ ಮಂಡಿಸಲಿದ್ದೇವೆ. ಬಾಟಲಿಯ ಬೆಲೆಯನ್ನು ಸದಸ್ಯರ ಖಾತೆಗೆ ಹಾಕಿ ಫಸಲಿನ ಕಾಲದಲ್ಲಿ ಮುರಿದುಕೊಳ್ಳಬಹುದು. ಗೊಬ್ಬರಕ್ಕೆ ಕೊಡುವ ಸಾಲವನ್ನು ತಲೆ ತೊಳೆಯುವುದಕ್ಕೆ ಕೊಡಬಾರದೆಂದು ಉಪನಿಯಮದಲ್ಲಿ ಎಲ್ಲಿಯೂ ಇಲ್ಲ. ಲೈನು ಮನೆಗಳಿಗೆ ಸೌದೆ ಕೊಡುವಂತೆಯೇ ತಿಂಗಳಿಗೊಂದು ದೊಡ್ಡ ಬಾಟಲಿಯನ್ನು ಯಜಮಾನರೇ ಕೊಡಲಿ. ಮಳಿಗೆಯ ವ್ಯಾಪಾರ ಕುಸಿಯುತ್ತದೆ ಎನ್ನುವ ನಿರ್ದೇಶಕರಿದ್ದಾರೆ. ಅವರೂ ಸಭೆಗೆ ಬಂದು ಲೆಕ್ಕ ಇಡಲಿ.

ಅಲ್ಲಿಯವರೆಗೆ ಪ್ರತಿ ಬಚ್ಚಲಿನ ಗೋಡೆಗೆ ಒಂದು ಖಾಲಿ ಯೂರಿಯಾ ಚೀಲ ತೂಗುಹಾಕಿ. ಪೊಟ್ಟಣ, ಟ್ಯೂಬು, ಮುಚ್ಚಳ ಎಲ್ಲವನ್ನೂ ಒಣಗಿಸಿ ಅದಕ್ಕೇ ಹಾಕಿ, ಒಲೆಯ ಬಾಯಿಗೆ ಬೇಡ. ಪೇಟೆಗೆ ಹೋಗುವ ದಿನ ಪಂಚಾಯತಿಯ ಒಣಕಸದ ಘಟಕಕ್ಕೆ ಮುಟ್ಟಿಸಿ. ಸಂಘದ ಲಾರಿ ಸರಕು ಇಳಿಸಿ ಮರಳುವಾಗ ಚೀಲಗಳನ್ನು ಒಯ್ಯಬಹುದೇ ಎಂದು ಚಾಲಕರಲ್ಲಿ ವಿಚಾರಿಸಿದ್ದೇವೆ. ಬಾಯಿ ಕಟ್ಟಿರಬೇಕು, ಒದ್ದೆ ಇರಬಾರದು ಎಂಬುದು ಅವರ ಷರತ್ತು.